ಹಳೆಯ ಕಾರು ಸ್ಟಾರ್ಟ್ ಆಗದಿದ್ದಾಗ: ದೋಷ ಪತ್ತೆಯ ಕ್ರಮ

ಕಾರ್ಬುರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಪೆಟ್ರೋಲ್ ಕಾರುಗಳನ್ನು ಈ ಲೇಖನದಲ್ಲಿ ಹಳೆಯ ಕಾರು ಎಂದು ಕರೆದಿದೆ. ಭಾರತದಲ್ಲಿ ಈ ಪೀಳಿಗೆಯ ಮುಖ್ಯ ಕಾರುಗಳು ಮೂರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಆಧಾರದ ಮೇಲೆ ಹಿಂದುಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಿಸಿದ ಅಂಬಾಸಿಡರ್ ಒಂದು. ಇಟಲಿಯ ಫಿಯಟ್ 1100 ಡಿ ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿತು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂದರೂ ಜನರ ಬಾಯಲ್ಲಿ ಅದು ಫಿಯಟ್ ಆಗಿಯೇ ಉಳಿಯಿತು. ಮೂರನೆಯದು 1983ರ ಡಿಸೆಂಬರಿನಲ್ಲಿ ಗುರಗಾಂವ್‌ನಿಂದ ಹೊರಬಂದ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿನ ಮಾರುತಿ 800. ಹೊಗೆ ನಿಯಮಗಳು ಬಿಗಿಯಾಗಿ ಇಂಜೆಕ್ಷನ್ ವ್ಯವಸ್ಥೆ ಬರುವವರೆಗೆ, ಅಂದರೆ ಸರಿಸುಮಾರು 2000ದವರೆಗೆ, ಮಾರುತಿಯಲ್ಲೂ ಕಾರ್ಬುರೇಟರೇ ಇತ್ತು.

ಈ ಕಾರುಗಳು ಸ್ಟಾರ್ಟ್ ಆಗದೆ ನಿಂತರೆ ಕಾರಣವನ್ನು ಕಣ್ಣು, ಕಿವಿ, ಮೂಗುಗಳಿಂದಲೇ ಕಂಡುಕೊಳ್ಳಬಹುದು. ಕಂಪ್ಯೂಟರ್ ಬೇಕಿಲ್ಲ. ಬೇಕಾದದ್ದು ಕ್ರಮ. ಪೆಟ್ರೋಲ್ ಎಂಜಿನ್ ಓಡಲು ಅದನ್ನು ಸಾಕಷ್ಟು ವೇಗದಲ್ಲಿ ತಿರುಗಿಸಬೇಕು, ಸರಿಯಾದ ಗಳಿಗೆಯಲ್ಲಿ ಕಿಡಿ ಬೀಳಬೇಕು, ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲ್ ಒಳಹೋಗಬೇಕು, ಆ ಮಿಶ್ರಣ ಸಿಲಿಂಡರಿನಲ್ಲಿ ಚೆನ್ನಾಗಿ ಒತ್ತಿಕೊಳ್ಳಬೇಕು. ಈ ನಾಲ್ಕರಲ್ಲಿ ತಪ್ಪಿರುವುದು ಯಾವುದು ಎಂದು ಗೊತ್ತಾಗುವ ಮೊದಲೇ ಪ್ಲಗ್ ಬದಲಿಸುವುದು, ಕಾರ್ಬುರೇಟರ್ ಬಿಚ್ಚುವುದು, ಹೊಸ ಬ್ಯಾಟರಿ ತರುವುದು ಶುರುವಾದರೆ ಹಣ, ಹೊತ್ತು ಎರಡೂ ಹಾಳು. ಎಷ್ಟೋ ಸಲ ಮೂಲ ದೋಷದ ಜೊತೆಗೆ ಬಿಚ್ಚಿ ಕೂಡಿಸಿದವರ ಕೈಯಿಂದ ಇನ್ನೊಂದು ದೋಷವೂ ಸೇರಿಕೊಳ್ಳುತ್ತದೆ. ಒಳ್ಳೆಯ ಮೆಕ್ಯಾನಿಕ್ ಮೊದಲು ಕೇಳುವುದು "ಸೆಲ್ಫ್ ಹೊಡೀರಿ, ನೋಡೋಣ" ಎಂದು. ಅವನು ಸ್ಪ್ಯಾನರ್ ಹಿಡಿಯುವುದು ಆಮೇಲೆ.

ಸೆಲ್ಫ್ ಹೊಡೆದಾಗಿನ ಸದ್ದು

ಕೀ ತಿರುಗಿಸಿದಾಗ ಕೇಳುವ ಸದ್ದು ಅರ್ಧ ಕೆಲಸವನ್ನು ಮುಗಿಸುತ್ತದೆ. ಏನೂ ಸದ್ದಿಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪವೂ ಹೊತ್ತುತ್ತಿಲ್ಲ ಎಂದರೆ ಬ್ಯಾಟರಿಯಿಂದ ಕರೆಂಟ್ ಹೊರಗೇ ಬರುತ್ತಿಲ್ಲ. ದೀಪ ಹೊತ್ತಿ, ಸೆಲ್ಫ್ ಹೊಡೆದ ಕೂಡಲೇ ಮಂಕಾಗಿ, ಟಕ್ ಟಕ್ ಎಂಬ ಸದ್ದು ಸಾಲಾಗಿ ಬಂದರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಕಚ್ಚಿಕೊಂಡಿಲ್ಲ. ಒಂದೇ ಒಂದು ಗಟ್ಟಿ "ಟಕ್" ಬಂದು ದೀಪ ಮಂಕಾಗದೆ ಉಳಿದರೆ ಸೊಲೆನಾಯ್ಡ್ ಅಥವಾ ಸೆಲ್ಫ್ ಮೋಟರಿನ ಮೇಲೆ ಅನುಮಾನ. ಮೋಟರ್ ಗುಂಯ್ ಎಂದು ಬರಿದೇ ತಿರುಗಿ ಎಂಜಿನ್ ಅಲುಗದಿದ್ದರೆ ಸೆಲ್ಫಿನ ಪುಟ್ಟ ಹಲ್ಲುಚಕ್ರ ಫ್ಲೈವೀಲಿನ ಹಲ್ಲಿಗೆ ಕೂಡುತ್ತಿಲ್ಲ. ಎಂಜಿನ್ ಎಂದಿನ ಲಯದಲ್ಲೇ ತಿರುಗುತ್ತಿದೆ, ಆದರೆ ಹಿಡಿಯುತ್ತಿಲ್ಲ ಎಂದಾದರೆ ಬ್ಯಾಟರಿ, ಸೆಲ್ಫ್ ಎರಡೂ ನಿರ್ದೋಷಿ. ಆಗ ಕಿಡಿ, ಪೆಟ್ರೋಲ್ ಕಡೆಗೆ ತಿರುಗಬೇಕು. ಎಂದಿಗಿಂತ ವೇಗವಾಗಿ, ತಡೆಯೇ ಇಲ್ಲದಂತೆ ಸುರ್ರೆಂದು ತಿರುಗಿದರೆ ಸಂಗತಿ ಗಂಭೀರ. ಅದರ ಮಾತು ಮುಂದೆ ಬರುತ್ತದೆ.

ಮಳೆಯ ನೀರಿನಲ್ಲಿ ಮುಳುಗಿ ನಿಂತ ಕಾರಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಲಾಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಪ್ಲಗ್‌ಗಳನ್ನೆಲ್ಲ ಬಿಚ್ಚಿ, ನೀರು ಹೊರಹೋಗುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಿಸುವವರೆಗೆ ಸ್ಟಾರ್ಟ್ ಮಾಡುವ ಮಾತೇ ಬೇಡ.

ಬ್ಯಾಟರಿ, ಕೇಬಲ್, ಅರ್ಥ್

ಹನ್ನೆರಡು ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ, ಒಂದೊಂದರದು ಸುಮಾರು 2.1 ವೋಲ್ಟ್. ಚಾರ್ಜ್ ತುಂಬಿ, ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ಬಹುಪಾಲು ಮುಗಿದಂತೆ. ಆದರೆ ಸುಮ್ಮನಿದ್ದಾಗಿನ ವೋಲ್ಟೇಜ್ ಮೋಸ ಮಾಡಬಲ್ಲದು. ಹಳೆಯ ಬ್ಯಾಟರಿ 12.5 ತೋರಿಸಿ, ಸೆಲ್ಫ್ ಹೊಡೆದ ಕೂಡಲೇ ಕುಸಿದುಬೀಳುವುದುಂಟು. ಸಣ್ಣ ಪೆಟ್ರೋಲ್ ಎಂಜಿನ್ನನ್ನು ತಿರುಗಿಸಲು ಸೆಲ್ಫ್ ನೂರು ಆಂಪಿಯರಿಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಹಾಗೆ ಎಳೆಯುವಾಗ ಮೀಟರ್ ಸುಮಾರು 9.6 ವೋಲ್ಟಿಗಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ ಎಂದೇ ಅರ್ಥ. ಮೀಟರ್ ಇಲ್ಲದವರು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಬಹುದು. ಬೆಳಕು ಸ್ವಲ್ಪ ಇಳಿಯುವುದು ಸಹಜ, ಪೂರ್ತಿ ಆರುವುದು ಸಹಜವಲ್ಲ.

ಮುಚ್ಚಳ ತೆಗೆಯಬಲ್ಲ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಬಿಸಿ ನಾಡಿನ ಬ್ಯಾಟರಿಗಳಲ್ಲಿ ಆಸಿಡ್ಡಿನ ಸಾಪೇಕ್ಷ ಸಾಂದ್ರತೆ ಚಾರ್ಜ್ ತುಂಬಿದಾಗ 1.24ರಿಂದ 1.26ರವರೆಗೆ ಇರುತ್ತದೆ. ಐದು ಕೋಶಗಳು ಸರಿಯಿದ್ದು ಒಂದೇ ಒಂದು ತೀರ ಕೆಳಗಿದ್ದರೆ ಆ ಕೋಶ ಸತ್ತಿದೆ; ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಬಾವಿ ನೀರು, ಕೊಳಾಯಿ ನೀರು, ಹೊಸ ಆಸಿಡ್ ಯಾವುದೂ ಕೂಡದು.

ಬ್ಯಾಟರಿಯೇ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಟರ್ಮಿನಲ್ ನೋಡಬೇಕು. ಅಲ್ಲಿ ಕಟ್ಟಿಕೊಂಡ ಬಿಳಿ ಹಸಿರು ಪುಡಿಯನ್ನು ಬಿಸಿನೀರಿನಿಂದಲೋ ಅಡುಗೆ ಸೋಡಾ ಕದಡಿದ ನೀರಿನಿಂದಲೋ ತೊಳೆದು, ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲಿನ್ ಸವರಿದರೆ ಎಷ್ಟೋ "ಸತ್ತ" ಬ್ಯಾಟರಿಗಳು ಎದ್ದು ಕೂರುತ್ತವೆ. ಎಲ್ಲರೂ ಮರೆಯುವುದು ಅರ್ಥ್ ಪಟ್ಟಿಯನ್ನು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಗೂ ಎಂಜಿನ್ನಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದೇ ಕರೆಂಟಿನ ಹಾದಿ. ಅದು ತುಕ್ಕು ಹಿಡಿದರೆ ಅಷ್ಟು ಕರೆಂಟೂ ಬೇರೆ ದಾರಿ ಹುಡುಕಿಕೊಂಡು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗಳ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುತ್ತಿದೆ, ಹೊಗೆಯಾಡುತ್ತಿದೆ ಎಂದರೆ ಕಾರಣ ಇದೇ.

ಸೆಲ್ಫ್ ಮೋಟರ್

ವಿದ್ಯುತ್ ಸೆಲ್ಫ್ ಸ್ಟಾರ್ಟರನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಮೊದಲು ಬಂತು. ಹಳೆಯ ಅಂಬಾಸಿಡರಿನಂಥ ಬ್ರಿಟಿಷ್ ಮೂಲದ ಕಾರುಗಳಲ್ಲಿ ಇದ್ದದ್ದು ಬೆಂಡಿಕ್ಸ್ ಬಗೆಯದು: ಮೋಟರ್ ತಿರುಗಿದ ರಭಸಕ್ಕೆ ಪಿನಿಯನ್ ಸುರುಳಿಯ ಮೇಲೆ ಜಾರಿಕೊಂಡು ಹೋಗಿ ಫ್ಲೈವೀಲಿಗೆ ಕಚ್ಚುತ್ತದೆ. ಹಲ್ಲು ಸವೆದಿದ್ದರೆ ಅಥವಾ ಕೊಳೆ ಕಟ್ಟಿದ್ದರೆ ಅದು ಅಲ್ಲೇ ಸಿಕ್ಕಿಕೊಂಡು ಬಿಡುತ್ತದೆ. ಆಗ ಇಗ್ನಿಷನ್ ಆಫ್ ಮಾಡಿ, ಮೇಲಿನ ಗೇರಿಗೆ ಹಾಕಿ, ಕಾರನ್ನು ಹಿಂದೆ ಮುಂದೆ ಜಗ್ಗಿದರೆ ಪಿನಿಯನ್ ಬಿಡಿಸಿಕೊಳ್ಳುತ್ತದೆ. ಬೆಂಡಿಕ್ಸಿಗೆ ಎಣ್ಣೆ ಬಿಡುವ ಅಭ್ಯಾಸ ಕೆಲವರಿಗಿದೆ. ಅದು ಕ್ಲಚ್ಚಿನ ಧೂಳನ್ನು ಹಿಡಿದಿಟ್ಟುಕೊಂಡು ಪಿನಿಯನ್ನನ್ನು ಇನ್ನಷ್ಟು ಬೇಗ ಸಿಕ್ಕಿಸುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬಿಡುವುದೇ ಸರಿಯಾದ ಕ್ರಮ.

ಸೊಲೆನಾಯ್ಡ್ ಸದ್ದು ಮಾಡಿ ಮೋಟರ್ ತಿರುಗದಿದ್ದರೆ, ಮೋಟರಿನ ಮೈಗೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ಮತ್ತೆ ಸೆಲ್ಫ್ ಹೊಡೆಯುವುದು ರಸ್ತೆ ಬದಿಯ ಹಳೆಯ ಉಪಾಯ. ಸವೆದ ಕಾರ್ಬನ್ ಬ್ರಷ್ ತಟ್ಟಿದಾಗ ಕ್ಷಣಕಾಲ ಕೂಡಿಕೊಳ್ಳುವುದರಿಂದ ಇದು ಕೆಲಸ ಮಾಡುತ್ತದೆ. ಒಮ್ಮೆ ಕೆಲಸ ಮಾಡಿತೆಂದರೆ ಬ್ರಷ್ ಬದಲಿಸುವ ಕಾಲ ಬಂತೆಂದೇ ಲೆಕ್ಕ.

ಕಿಡಿ

ಎಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯದಿದ್ದಾಗ ಮೊದಲು ಕಿಡಿಯನ್ನೇ ನೋಡಬೇಕು. ಪಾಯಿಂಟ್ ಇರುವ ಕಾರುಗಳಲ್ಲಿ ದೋಷ ಹೆಚ್ಚಾಗಿ ಸಿಗುವುದು ಇಲ್ಲೇ, ಪರೀಕ್ಷೆಯೂ ಸುಲಭ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ವೈರನ್ನು ಬರಿಗೈಯಲ್ಲಿ ಹಿಡಿಯಬಾರದು, ಸುತ್ತಮುತ್ತ ಪೆಟ್ರೋಲ್ ಚೆಲ್ಲಿರಬಾರದು. ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ ಬಿದ್ದರೆ ಸರಿ. ಹಳದಿ, ಕೆಂಪು ಬಣ್ಣದ ಸೊರಗಿದ ಕಿಡಿ ಬಯಲಲ್ಲಿ ಕಂಡರೂ ಸಿಲಿಂಡರಿನ ಒತ್ತಡದಲ್ಲಿ ಆರಿಹೋಗುತ್ತದೆ.

ಕಿಡಿಯೇ ಇಲ್ಲದಿದ್ದರೆ ಅದು ಹುಟ್ಟುವ ದಾರಿಯನ್ನು ಹಿಂದಕ್ಕೆ ಹಿಡಿಯಬೇಕು. ಈ ಏರ್ಪಾಡೂ ಕೆಟರಿಂಗ್ ಅವರದೇ. ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪಾಯಿಂಟ್‌ಗಳು ಮುಚ್ಚಿರುವಾಗ ಕಾಯಿಲಿನ ದಪ್ಪ ಸುತ್ತಿನಲ್ಲಿ ಹನ್ನೆರಡು ವೋಲ್ಟಿನ ಕರೆಂಟ್ ಹರಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಕರೆಂಟ್ ನಿಂತು, ಕಾಯಿಲಿನ ಕಾಂತಕ್ಷೇತ್ರ ಕುಸಿದು, ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಏಳುತ್ತದೆ. ಅದು ದಪ್ಪ ವೈರಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಬಂದು, ರೋಟರಿನ ತುದಿಯಿಂದ ಸರದಿಯ ಪ್ಲಗ್ಗಿಗೆ ಹಂಚಿಕೆಯಾಗುತ್ತದೆ. ಅಂಬಾಸಿಡರ್, ಫಿಯಟ್ ಎರಡರಲ್ಲೂ ಸರದಿ 1-3-4-2. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಈ ಪಾಯಿಂಟ್‌ಗಳು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುತ್ತವೆ. ಇಷ್ಟು ದುಡಿಯುವ ಭಾಗ ಸವೆಯದೆ ಇರಲು ಹೇಗೆ ಸಾಧ್ಯ?

ಕ್ಯಾಪಿನ ಎರಡು ಕ್ಲಿಪ್ ಬಿಚ್ಚಿ, ರೋಟರ್ ಎತ್ತಿ, ಇಗ್ನಿಷನ್ ಆನ್ ಮಾಡಿ, ಮುಚ್ಚಿರುವ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ಬಿಡಿಸಿ ನೋಡಿದರೆ ಅಲ್ಲೊಂದು ಚಿಕ್ಕ ಕಿಡಿ ಕಾಣಬೇಕು. ಕಂಡರೆ ಕಾಯಿಲಿನವರೆಗೆ ಕರೆಂಟ್ ಬರುತ್ತಿದೆ. ಕಾಣದಿದ್ದರೆ ಕಾಯಿಲಿನ ಟರ್ಮಿನಲ್ಲಿಗೆ ಹನ್ನೆರಡು ವೋಲ್ಟ್ ಬರುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕು. ದೀಪ ಹೊತ್ತದಿದ್ದರೆ ಇಗ್ನಿಷನ್ ಸ್ವಿಚ್ ಅಥವಾ ಅದರ ವೈರ್ ಕಾರಣ. ಹೊತ್ತಿದರೆ ಪಾಯಿಂಟ್ ಕೊಳೆಯಾಗಿದೆ, ತೆರೆಯುತ್ತಲೇ ಇಲ್ಲ, ಅಥವಾ ಒಳಗಿನ ಚಿಕ್ಕ ವೈರ್ ಎಲ್ಲೋ ಅರ್ಥಿಗೆ ತಾಗುತ್ತಿದೆ. ಪಾಯಿಂಟ್ ಪೂರ್ತಿ ತೆರೆದಾಗಿನ ಅಂತರ ಲೂಕಾಸ್ ಡಿಸ್ಟ್ರಿಬ್ಯೂಟರಿನಲ್ಲಿ 0.35ರಿಂದ 0.40 ಮಿಲಿಮೀಟರ್, ಫಿಯಟ್ಟಿನಲ್ಲಿ ತುಸು ಹೆಚ್ಚು. ಫೀಲರ್ ಗೇಜಿನ ಎಲೆ ತುಸುವೇ ತಡೆದು ಜಾರುವಂತಿರಬೇಕು. ಪಾಯಿಂಟ್ ಕ್ಯಾಮಿನ ಎತ್ತರದ ಮೇಲೆ ನಿಂತಿರುವಾಗಲೇ ಅಳೆಯಬೇಕು. ಆತುರದಲ್ಲಿ ತಪ್ಪುವುದು ಇದೊಂದು ವಿಷಯದಲ್ಲಿ.

ಪಾಯಿಂಟಿನ ಮುಖವನ್ನು ಬೆಳಕಿಗೆ ಹಿಡಿದರೆ ಅದು ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರಿನ ಆರೋಗ್ಯವನ್ನೂ ತೋರಿಸುತ್ತದೆ. ಮುಖ ಮಾಸಿದ ಬೂದು ಬಣ್ಣಕ್ಕಿದ್ದು ಸಮವಾಗಿದ್ದರೆ ಎಲ್ಲ ಸರಿ. ಒಂದು ಪಾಯಿಂಟಿನಲ್ಲಿ ಗುಣಿ, ಎದುರಿನದರಲ್ಲಿ ಅದೇ ಆಕಾರದ ದಿಬ್ಬ ಎದ್ದಿದ್ದರೆ ಲೋಹ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದೆ, ಕಂಡೆನ್ಸರಿನ ಅಳತೆ ಹೊಂದುತ್ತಿಲ್ಲ. ಕಪ್ಪಾಗಿ ಸುಟ್ಟಂತಿದ್ದರೆ ಗ್ರೀಸೋ ಎಣ್ಣೆಯೋ ಸಿಡಿದಿರಬಹುದು ಅಥವಾ ಕಂಡೆನ್ಸರ್ ಕೈಕೊಟ್ಟಿರಬಹುದು. ಬೆರಳಿನ ತುದಿಯಷ್ಟಿರುವ ಈ ಡಬ್ಬಿಯ ಸಾಮರ್ಥ್ಯ ಸುಮಾರು 0.2 ಮೈಕ್ರೊಫ್ಯಾರಡ್. ಅದು ಕೆಟ್ಟರೆ ಪಾಯಿಂಟಿನಲ್ಲಿ ಕಿಡಿ ಜೋರಾಗಿ ಹಾರುತ್ತದೆ, ಪ್ಲಗ್ಗಿನಲ್ಲಿ ಸೊರಗುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಎಂಜಿನ್ ಕಾದ ಮೇಲೆ ಕೈಕೊಡುವುದು ಅದರ ದುರ್ಗುಣ. ಹತ್ತಿಪ್ಪತ್ತು ಕಿಲೋಮೀಟರ್ ಓಡಿ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನೇ ಸ್ಟಾರ್ಟ್ ಆಗುವ ಕಾರಿನಲ್ಲಿ ಕಂಡೆನ್ಸರನ್ನೂ ಕಾಯಿಲನ್ನೂ ಮೊದಲು ಅನುಮಾನಿಸಬೇಕು. ಡಿಕ್ಕಿಯಲ್ಲಿ ಒಂದು ಕಂಡೆನ್ಸರ್, ಒಂದು ಜೊತೆ ಪಾಯಿಂಟ್, ಒಂದು ರೋಟರ್ ಇಟ್ಟುಕೊಂಡು ಓಡಾಡುವುದು ಹಳೆಯ ಟ್ಯಾಕ್ಸಿ ಚಾಲಕರ ರೂಢಿ. ಈಗಲೂ ಅದಕ್ಕಿಂತ ಅಗ್ಗದ ವಿಮೆ ಇಲ್ಲ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕಿಡಿ ಕೆಡುವುದಕ್ಕೆ ತೇವವೇ ದೊಡ್ಡ ಕಾರಣ. ರಾತ್ರಿಯಿಡೀ ಹೊರಗೆ ನಿಂತ ಕಾರಿನ ಕ್ಯಾಪಿನೊಳಗೆ ಹನಿ ಕಟ್ಟುತ್ತದೆ, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಒದ್ದೆ ಮೇಲ್ಮೈಯಲ್ಲಿ ಹರಿದು ಅರ್ಥ್ ಸೇರುತ್ತದೆ. ಒಣ ಬಟ್ಟೆಯಿಂದ ಕ್ಯಾಪಿನ ಒಳ ಹೊರಗು, ಕಾಯಿಲಿನ ಮೂತಿ, ಪ್ಲಗ್ ವೈರ್ ಒರೆಸಿದರೆ ಸಾಮಾನ್ಯವಾಗಿ ಸಾಕು. ಒರೆಸಿದರೂ ಹಿಡಿಯದಿದ್ದರೆ ಕ್ಯಾಪಿನೊಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಜಾಡು ಇದೆಯೇ ನೋಡಬೇಕು. ಅದು ಸುಟ್ಟ ಇಂಗಾಲದ ಹಾದಿ. ಒಮ್ಮೆ ಮೂಡಿದರೆ ಕ್ಯಾಪ್ ಬದಲಿಸುವುದೇ ದಾರಿ. ಕತ್ತಲಲ್ಲಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದರೆ ಸೋರುವ ವೈರ್ ಯಾವುದೆಂದು ಸಣ್ಣ ನೀಲಿ ಬೆಳಕೇ ತೋರಿಸಿಕೊಡುತ್ತದೆ. ಇಲಿ ಕಡಿದ ವೈರೂ ಹೀಗೆಯೇ ಸಿಕ್ಕಿಬೀಳುತ್ತದೆ.

ಕಾಯಿಲಿನ ಜೊತೆ ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರುಗಳಲ್ಲಿ ಒಂದು ವಿಚಿತ್ರ ಲಕ್ಷಣ ಕಾಣುತ್ತದೆ. ಸೆಲ್ಫ್ ಹೊಡೆಯುವಷ್ಟು ಹೊತ್ತು ಎಂಜಿನ್ ಹಿಡಿಯುತ್ತದೆ, ಕೀ ಬಿಟ್ಟ ಕೂಡಲೇ ಆರುತ್ತದೆ. ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಕರೆಂಟ್ ನೇರವಾಗಿ ಬರುತ್ತದೆ, ಬಿಟ್ಟ ಮೇಲೆ ರೆಸಿಸ್ಟರಿನ ಮೂಲಕ ಬರಬೇಕು. ರೆಸಿಸ್ಟರ್ ಕಡಿದುಹೋಗಿದ್ದರೆ ಆ ಎರಡನೆಯ ದಾರಿಯೇ ಇಲ್ಲ. ಇದನ್ನು ಅರಿಯದೆ ಕಾರ್ಬುರೇಟರ್ ಬಿಚ್ಚಿದವರು ಬಹಳ.

ಇಗ್ನಿಷನ್ನಿನ ಈ ಬಿಡಿಭಾಗಗಳ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ. ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನೂ ಡೀಸೆಲ್ ಪಂಪ್‌ಗಳನ್ನೂ ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಹಳೆಯ ಮೆಕ್ಯಾನಿಕ್‌ಗಳು ಇಂದಿಗೂ ಕೇಳುವುದು "ಮೈಕೊ ಪ್ಲಗ್" ಎಂದೇ. ಹಳೆಯ ಕಾರಿನ ಸ್ಪೇರ್ ಹುಡುಕುವವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇನ್ನೂ ಮೊದಲ ನೆನಪು.

ಪೆಟ್ರೋಲ್

ಕಿಡಿ ಸರಿಯಿದ್ದರೆ ಪೆಟ್ರೋಲ್ ಕಡೆಗೆ ಬರಬೇಕು. ಇಲ್ಲಿ ತಪ್ಪು ಎರಡು ತೆರ: ಬರುತ್ತಿಲ್ಲ, ಇಲ್ಲವೇ ಬೇಕಾದ್ದಕ್ಕಿಂತ ಹೆಚ್ಚು ಬರುತ್ತಿದೆ. ಪ್ಲಗ್ ಬಿಚ್ಚಿದಾಗಲೇ ಇದು ತಿಳಿಯುತ್ತದೆ. ಇಷ್ಟು ಸೆಲ್ಫ್ ಹೊಡೆದ ಮೇಲೂ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಟ್ಟಿಕ್ಕುವಷ್ಟು ಒದ್ದೆಯಾಗಿ ವಾಸನೆ ಹೊಡೆದರೆ ಓವರ್‌ಫ್ಲೋ.

ಪೆಟ್ರೋಲ್ ಗೇಜಿನ ಮುಳ್ಳನ್ನು ನಂಬದೆ ಮೊದಲು ಟ್ಯಾಂಕ್ ನೋಡಬೇಕು. ಹಳೆಯ ಕಾರುಗಳ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಲೇ ಒಳಗೆ ಬರಿದಾಗಿರುವುದು ಅಪರೂಪವಲ್ಲ. ಆಮೇಲೆ ಕಾರ್ಬುರೇಟರಿಗೆ ಬರುವ ಪೈಪ್ ಬಿಚ್ಚಿ, ತುದಿಯನ್ನು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದರೆ ಎಂಜಿನ್ನಿನಿಂದ ನಡೆಯುವ ಪಂಪ್ ಬಿಟ್ಟು ಬಿಟ್ಟು ಜೋರಾಗಿ ಚಿಮ್ಮಿಸಬೇಕು. ಕಿಡಿ ಹಾರದಂತೆ ಕಾಯಿಲಿನ ವೈರನ್ನು ಮೊದಲೇ ತೆಗೆದಿಡಬೇಕು. ಚಿಮ್ಮದಿದ್ದರೆ ಪಂಪಿನ ಡಯಾಫ್ರಂ ಹರಿದಿರಬಹುದು, ಜಾಲರಿ ಕಟ್ಟಿರಬಹುದು, ಟ್ಯಾಂಕಿನಿಂದ ಬರುವ ಲೈನಿನ ರಬ್ಬರ್ ಸೀಳಿ ಗಾಳಿ ಎಳೆಯುತ್ತಿರಬಹುದು. ಸೀಳಿದ ರಬ್ಬರ್ ಪೈಪ್ ಸೋರುವುದಿಲ್ಲ, ಗಾಳಿಯನ್ನಷ್ಟೇ ಎಳೆಯುತ್ತದೆ. ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿಕಂಡಿ ಮುಚ್ಚಿದ್ದರೂ ಪೆಟ್ರೋಲ್ ನಿಲ್ಲುತ್ತದೆ: ಮುಚ್ಚಳ ತೆರೆದಾಗ ಸುಯ್ ಎಂದು ಗಾಳಿ ಒಳನುಗ್ಗಿ, ಕಾರು ಮತ್ತೆ ಓಡಿದರೆ ಅದೇ ಕಾರಣ. ಹರಿದ ಡಯಾಫ್ರಂ ಪೆಟ್ರೋಲನ್ನು ಎಂಜಿನ್ ಆಯಿಲಿಗೂ ಇಳಿಸುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡುವ ಮೆಕ್ಯಾನಿಕ್ ಹುಡುಕುತ್ತಿರುವುದು ಇದನ್ನೇ.

ಬೇಸಿಗೆಯ ಘಾಟಿ ರಸ್ತೆಗಳ ರೋಗವೆಂದರೆ ಏರ್ ಲಾಕ್. ಪೆಟ್ರೋಲಿನ ಹಗುರ ಅಂಶಗಳು ಸುಮಾರು 35–40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ. ಎಂಜಿನ್ನಿಗೆ ಅಂಟಿಕೊಂಡ ಪಂಪ್ ಹೀರುವ ಬದಿಯಲ್ಲಿ ಒತ್ತಡ ಕಡಿಮೆಯಿರುವುದರಿಂದ ಇನ್ನೂ ಬೇಗ. ಪೈಪಿನಲ್ಲಿ ಆವಿ ತುಂಬಿಕೊಂಡರೆ ಪಂಪ್ ಅದನ್ನು ಹಿಗ್ಗಿಸಿ ಕುಗ್ಗಿಸುತ್ತದೆಯೇ ಹೊರತು ಪೆಟ್ರೋಲನ್ನು ಎಳೆಯಲಾರದು. ಶಿರಾಡಿ, ಆಗುಂಬೆ, ಚಾರ್ಮಾಡಿಯಂಥ ಏರಿನಲ್ಲಿ ಕೆಳಗಿನ ಗೇರಿನಲ್ಲಿ ಹತ್ತಿ, ಮೇಲೆ ಕಾಫಿಗೆಂದು ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗದಿರುವುದು ಇದರಿಂದಲೇ: ಓಡುವಾಗ ಇದ್ದ ಗಾಳಿ ನಿಂತಾಗ ಇರುವುದಿಲ್ಲ, ಎಂಜಿನ್ನಿನ ಕಾವೆಲ್ಲ ಪಂಪಿಗೇರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ನೀರು ಹನಿಸುವ ಚಾಲಕರ ಉಪಾಯ ಭೌತಶಾಸ್ತ್ರಕ್ಕೆ ನೂರಕ್ಕೆ ನೂರು ಒಪ್ಪುವಂಥದ್ದು. ಆವಿಯಾಗುವ ನೀರು ಕಾವನ್ನು ಒಯ್ಯುತ್ತದೆ, ಒಳಗಿನ ಪೆಟ್ರೋಲ್ ಆವಿ ಮತ್ತೆ ದ್ರವವಾಗುತ್ತದೆ. ಬಾನೆಟ್ ಎತ್ತಿ ಕಾಲು ಗಂಟೆ ಕಾದರೂ ಅದೇ ಫಲ.

ಪಂಪ್ ಸರಿಯಿದ್ದೂ ಸಿಲಿಂಡರ್ ಒಣಗಿದ್ದರೆ ಕಾರ್ಬುರೇಟರಿನೊಳಗೆ ತಡೆಯಿದೆ. ಫ್ಲೋಟ್ ಕೋಣೆಯ ಸೂಜಿ ಅಂಟಿಕೊಂಡಿರಬಹುದು ಅಥವಾ ಜೆಟ್ಟಿನಲ್ಲಿ ಕಸ ಕೂತಿರಬಹುದು. ಜೆಟ್ಟನ್ನು ಬಾಯಿಂದ ಊದದೆ ಪಂಪಿನ ಗಾಳಿಯಿಂದ ಊದಬೇಕು. ತಂತಿ ತೂರಿಸಿದರೆ ತೂತು ಹಿಗ್ಗಿ ಅಳತೆ ಶಾಶ್ವತವಾಗಿ ಕೆಡುತ್ತದೆ. ಸೋಲೆಕ್ಸ್ ಬಗೆಯ ಕಾರ್ಬುರೇಟರಿಗೆ ಸುಲಭದ ಪರೀಕ್ಷೆಯೊಂದಿದೆ. ಎಂಜಿನ್ ನಿಂತಿರುವಾಗ ಏರ್ ಫಿಲ್ಟರ್ ತೆಗೆದು, ಗಂಟಲೊಳಗೆ ನೋಡುತ್ತಾ ಆಕ್ಸಿಲರೇಟರ್ ಎಳೆದರೆ ಸಣ್ಣ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಫ್ಲೋಟ್ ಕೋಣೆಯಲ್ಲಿ ಪೆಟ್ರೋಲ್ ಇದೆ. ಹಲವು ಅಂಬಾಸಿಡರ್‌ಗಳಲ್ಲಿದ್ದ ಎಸ್‌ಯು ಕಾರ್ಬುರೇಟರಿನಲ್ಲಿ ಈ ಚಿಮ್ಮುವ ಪಂಪ್ ಇಲ್ಲ. ಅಲ್ಲಿ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟಾಗ ಟಕ್ ಎಂದು ಕೂರಬೇಕು. ಸಿಕ್ಕಿಕೊಂಡರೆ ಬಿಚ್ಚಿ ಪೆಟ್ರೋಲಿನಲ್ಲಿ ಒರೆಸಿದರೆ ಸಾಕು.

ಈ ವ್ಯತ್ಯಾಸ ಗೊತ್ತಿಲ್ಲದೆಯೇ ಓವರ್‌ಫ್ಲೋ ಆಗುವುದು ಹೆಚ್ಚು. ಸೋಲೆಕ್ಸ್ ಇರುವ ಕಾರಿನಲ್ಲಿ ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿದರೆ ಪ್ರತಿ ತುಳಿತಕ್ಕೂ ಹಸಿ ಪೆಟ್ರೋಲ್ ಸುರಿದು ಪ್ಲಗ್ ನೆನೆಯುತ್ತದೆ. ತಣ್ಣನೆಯ ಎಂಜಿನ್ನಿಗೆ ಚೋಕ್ ಎಳೆದು ಒಂದೆರಡು ಸಲ ತುಳಿದರೆ ಸಾಕು. ಕಾದ ಎಂಜಿನ್ನಿಗೆ ಚೋಕ್ ಬೇಡವೇ ಬೇಡ. ನೆನೆದುಹೋಗಿದ್ದರೆ ಚೋಕನ್ನು ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಒಮ್ಮೆಲೇ ಒತ್ತಿ ಹಿಡಿದು, ಹತ್ತು ಸೆಕೆಂಡಿಗೆ ಮೀರದಂತೆ ಸೆಲ್ಫ್ ಹೊಡೆಯಬೇಕು. ತೆರೆದ ಗಂಟಲಿನಿಂದ ಬಂದ ಗಾಳಿ ಹೆಚ್ಚಿನ ಪೆಟ್ರೋಲನ್ನು ಹೊರಹಾಕುತ್ತದೆ. ನಡುನಡುವೆ ಸೆಲ್ಫ್ ತಣಿಯಲು ಬಿಡಬೇಕು. ಬಿಟ್ಟು ಬಿಟ್ಟು ತುಳಿದರೆ ಎಲ್ಲವೂ ಮೊದಲಿಗೇ ಬರುತ್ತದೆ. ತುಳಿಯದಿದ್ದರೂ ಓವರ್‌ಫ್ಲೋ ಆಗುತ್ತಿದ್ದರೆ ತೂತುಬಿದ್ದು ಪೆಟ್ರೋಲ್ ತುಂಬಿಕೊಂಡ ಫ್ಲೋಟನ್ನು ಹುಡುಕಬೇಕು. ಕಿವಿಯ ಬಳಿ ಅಲುಗಿಸಿದರೆ ಒಳಗಿನ ಪೆಟ್ರೋಲ್ ಕುಲುಕುವುದು ಕೇಳುತ್ತದೆ.

ಕಂಪ್ರೆಷನ್ ಮತ್ತು ಟೈಮಿಂಗ್

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹಿಡಿಯುತ್ತಿಲ್ಲ ಎಂದರೆ ಎರಡು ಅನುಮಾನ. ಒಂದು, ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಾಗಿ ಟೈಮಿಂಗ್ ಜಾರಿರುವುದು ಅಥವಾ ಪ್ಲಗ್ ವೈರ್ ಅದಲು ಬದಲಾಗಿರುವುದು. ಕಾರ್ಬುರೇಟರಿನ ಬಾಯಿಂದ ಬೆಂಕಿ ಉಗುಳಿದರೆ, ಸೈಲೆನ್ಸರಿನಲ್ಲಿ ಢಬ್ ಎಂದರೆ ಇದು. ಇನ್ನೊಂದು, ಕಂಪ್ರೆಷನ್ ಇಲ್ಲದಿರುವುದು. ಹಿಂದೆ ಹೇಳಿದ, ತಡೆಯಿಲ್ಲದೆ ಸುರ್ರೆಂದು ತಿರುಗುವ ಸದ್ದಿನ ಕಾರಣ ಮಾರುತಿ 800ರಲ್ಲಿ ಹೆಚ್ಚಾಗಿ ತುಂಡಾದ ಟೈಮಿಂಗ್ ಬೆಲ್ಟ್. ಅದರ ಡಿಸ್ಟ್ರಿಬ್ಯೂಟರ್ ಕ್ಯಾಮ್‌ಶಾಫ್ಟಿನಿಂದ ನಡೆಯುವುದರಿಂದ ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿ, ರೋಟರ್ ತಿರುಗದಿದ್ದರೆ ಬೆಲ್ಟ್ ಹೋಗಿದೆ ಎಂದು ಏನನ್ನೂ ಬಿಚ್ಚದೆ ಹೇಳಬಹುದು. ಅಂಬಾಸಿಡರ್, ಫಿಯಟ್‌ಗಳಲ್ಲಿ ಚೈನ್ ಇರುವುದರಿಂದ ಈ ಭಯ ಕಡಿಮೆ.

ತಳ್ಳುವುದು, ಹ್ಯಾಂಡಲ್, ಜಂಪ್

ಬ್ಯಾಟರಿ ಇಳಿದಾಗ ತಳ್ಳಿ ಸ್ಟಾರ್ಟ್ ಮಾಡಲು ಇಗ್ನಿಷನ್ ಆನ್ ಇಟ್ಟು, ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ, ಓಟ ಬಂದ ಮೇಲೆ ಕ್ಲಚ್ಚನ್ನು ಪಟ್ಟನೆ ಬಿಡಬೇಕು. ಮೊದಲ ಗೇರಿನಲ್ಲಿ ಚಕ್ರ ಕಚ್ಚಿ ನಿಲ್ಲುತ್ತದೆ. ಕಿಡಿಯೋ ಪೆಟ್ರೋಲೋ ಇಲ್ಲದ ಕಾರನ್ನು ಎಷ್ಟು ತಳ್ಳಿದರೂ ತಳ್ಳಿದವರ ಬೆವರು ಹರಿಯುತ್ತದೆ ಅಷ್ಟೇ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರನ್ನು ತಳ್ಳಿದರೆ ಉರಿಯದ ಪೆಟ್ರೋಲ್ ಅದರೊಳಗೆ ಸೇರಿ ಹಾಳುಮಾಡುತ್ತದೆ.

ಅಂಬಾಸಿಡರ್, ಫಿಯಟ್‌ಗಳಿಗೆ ಮುಂದಿನಿಂದ ತೂರಿಸುವ ಹ್ಯಾಂಡಲ್ ಇತ್ತು. ಅದನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಯಲ್ಲೇ ಇರಬೇಕು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಎಂದೂ ಒತ್ತಬಾರದು. ಕಿಡಿ ಬೇಗ ಬಿದ್ದು ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತದೆ. ಗೇರ್ ನ್ಯೂಟ್ರಲ್ಲಿನಲ್ಲಿದೆಯೇ, ಹ್ಯಾಂಡ್ ಬ್ರೇಕ್ ಎಳೆದಿದೆಯೇ ಎಂದು ನೋಡದೆ ಹ್ಯಾಂಡಲ್ ಮುಟ್ಟಬಾರದು.

ಇನ್ನೊಂದು ಕಾರಿನ ಬ್ಯಾಟರಿಯಿಂದ ಜಂಪ್ ಮಾಡುವಾಗ ಪ್ಲಸ್ಸಿಗೆ ಪ್ಲಸ್ ಕೂಡಿಸಿ, ಒಳ್ಳೆಯ ಬ್ಯಾಟರಿಯ ಮೈನಸ್ಸಿನಿಂದ ಬಂದ ಕೇಬಲಿನ ಕೊನೆಯನ್ನು ನಿಂತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ ಕೂಡಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರುತ್ತದೆ. ಎರಡೂ ಸೇರಿದರೆ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಹಾರಬಹುದು. ಬ್ರಿಟಿಷ್ ಮೂಲದ ಬಹಳ ಹಳೆಯ ಕಾರುಗಳಲ್ಲಿ ಪ್ಲಸ್ಸೇ ಅರ್ಥ್ ಆಗಿರುವುದುಂಟು. ಬಾಡಿಗೆ ಕೂಡಿಸಿದ ಕೇಬಲ್ ಯಾವ ಕಂಬದಿಂದ ಬಂದಿದೆ ಎಂದು ಕಣ್ಣಾರೆ ನೋಡದೆ ಜಂಪ್ ಹಾಕುವುದು ಅಪಾಯ.

ಡೀಸೆಲ್ ಮತ್ತು ಇಂಜೆಕ್ಷನ್ ಕಾರುಗಳು

ಹಳೆಯ ಡೀಸೆಲ್ ಅಂಬಾಸಿಡರಿಗೂ ಜೀಪಿಗೂ ಕಿಡಿಯ ಗೊಡವೆಯಿಲ್ಲ. ಅವು ಸ್ಟಾರ್ಟ್ ಆಗದಿದ್ದರೆ ಹೀಟರ್ ಪ್ಲಗ್ ಕಾಯುತ್ತಿದೆಯೇ, ಸ್ಟಾಪ್ ಕೇಬಲ್ ಹಿಂದಕ್ಕೆ ಬಂದಿದೆಯೇ, ಲೈನಿನಲ್ಲಿ ಗಾಳಿ ಸೇರಿದೆಯೇ ಎಂದು ನೋಡಬೇಕು. ಡೀಸೆಲ್ ಪೂರ್ತಿ ಮುಗಿಯುವವರೆಗೆ ಓಡಿಸಿದ ಗಾಡಿಗೆ ಮತ್ತೆ ಡೀಸೆಲ್ ತುಂಬಿಸಿದರಷ್ಟೇ ಸಾಲದು. ಫಿಲ್ಟರಿನ ತಿರುಪು ಸಡಿಲಿಸಿ, ಕೈಪಂಪ್ ಒತ್ತುತ್ತಾ, ಗುಳ್ಳೆ ನಿಂತು ಬರಿ ಡೀಸೆಲ್ ಬರುವವರೆಗೆ ಗಾಳಿ ತೆಗೆಯಬೇಕು.

ಇಂಜೆಕ್ಷನ್ ಬಂದ ಮೊದಲ ವರ್ಷಗಳ ಕಾರುಗಳೂ ಈಗ ಹಳೆಯವಾಗಿವೆ. ಅವುಗಳಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಟ್ಟುವುದನ್ನು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಪಂಪ್ ನೋಡಬೇಕು. ಕೇಳಿದರೂ ಹಿಡಿಯದಿದ್ದರೆ ಕ್ರ್ಯಾಂಕ್ ಸೆನ್ಸರ್, ಇಮೊಬಿಲೈಸರ್ ಮೊದಲಾದವುಗಳ ವಿಚಾರ. ಅಲ್ಲಿಗೆ ಸ್ಕ್ಯಾನರ್ ಬೇಕು.

ಬಹುದಿನ ನಿಂತ ಕಾರು

ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ರೋಗ ಬೇರೆಯೇ. ಪೆಟ್ರೋಲಿನ ಹಗುರ ಅಂಶಗಳು ಹಾರಿಹೋಗಿ ಉಳಿದದ್ದು ಬೆಂಕಿ ಹಿಡಿಯಲು ಹಿಂದೆಗೆಯುತ್ತದೆ, ಜೆಟ್‌ಗಳಲ್ಲಿ ಅಂಟಾಗಿ ಕೂರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಇದು ಹೆಚ್ಚಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪ್ ಮೊದಲು ಹೀರುವುದು ಆ ತಳದ ಪದರವನ್ನೇ. ಹಳೆಯ ಕಾರಿನ ಡಯಾಫ್ರಂ, ರಬ್ಬರ್ ಪೈಪ್, ವಾಷರ್‌ಗಳು ಈ ಇಂಧನಕ್ಕಾಗಿ ಮಾಡಿದವಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ತಾಳುವ ರಬ್ಬರಿನ ಡಯಾಫ್ರಂ, ಪೈಪ್‌ಗಳನ್ನು ಒಮ್ಮೆ ಬದಲಿಸಿಕೊಳ್ಳುವುದು ಇಂಥ ಕಾರಿಗೆ ಮಾಡಬಹುದಾದ ಒಳ್ಳೆಯ ಖರ್ಚು.

ಹೀಗೆ ನಿಂತ ಕಾರನ್ನು ಎಬ್ಬಿಸುವಾಗ ಮೊದಲೇ ಸೆಲ್ಫ್ ಹೊಡೆಯಬಾರದು. ಹಳೆಯ ಪೆಟ್ರೋಲ್ ಇಳಿಸಿ ಹೊಸದನ್ನು ತುಂಬಿ, ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಎಂಜಿನ್ ಸಲೀಸಾಗಿ ತಿರುಗುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡಬೇಕು. ಆಮೇಲೆ ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ದೀಪ ಆರುವವರೆಗೆ ತಿರುಗಿಸಿ, ಪಾಯಿಂಟನ್ನು ಒರೆಸಿ, ಪ್ಲಗ್ ಹಾಕಿ ಸ್ಟಾರ್ಟ್ ಮಾಡಬೇಕು. ಎಂಜಿನ್ ಹಿಡಿದ ಮೇಲೆ ಬ್ಯಾಟರಿಯ ಮೇಲೆ ಮೀಟರ್ ಇಟ್ಟು ತುಸು ಆಕ್ಸಿಲರೇಟರ್ ಕೊಟ್ಟಾಗ 13.8ರಿಂದ 14.4 ವೋಲ್ಟ್ ಕಾಣಬೇಕು. 12.5ರಲ್ಲೇ ನಿಂತರೆ ಡೈನಮೋ ಅಥವಾ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಫ್ಯಾನ್ ಬೆಲ್ಟಿನ ಬಿಗಿ, ರೆಗ್ಯುಲೇಟರ್, ಬ್ರಷ್ ಈ ಮೂರನ್ನು ಅದೇ ದಿನ ನೋಡದಿದ್ದರೆ ಕಾರು ಮರುದಿನ ಬೆಳಿಗ್ಗೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ.